ಹುಳುವಿನ ಕರುಳಿನಲ್ಲಿ ಮಿನುಗುವ ಕಣಗಳು: ನನ್ನ ಅನುಭವ

ಸೀನೋರ್ಯಾಬ್ಡೈಟಿಸ್ ಎಲೆಗಾನ್ಸ್ ಎಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ದುಂಡುಹುಳುವಿನ ಕರುಳಿನಲ್ಲಿರುವುದು 20 ಜೀವಕೋಶಗಳು ಮಾತ್ರ. ಅವೆಲ್ಲವೂ ಭ್ರೂಣದ ‘ಇ’ ಎಂಬ ಒಂದೇ ಕೋಶದಿಂದ ಹುಟ್ಟಿದವು. ಈ ಕೋಶಗಳೊಳಗೆ ಸಾಮಾನ್ಯ ಲೈಸೋಸೋಮ್‌ಗಳ (ಕೋಶದ ತ್ಯಾಜ್ಯವನ್ನು ಜೀರ್ಣಿಸುವ ಆಮ್ಲೀಯ ಚೀಲಗಳ) ಜೊತೆಗೆ ಕರುಳುಕಣಗಳೆಂಬ ಇನ್ನೊಂದು ಬಗೆಯ ಆಮ್ಲೀಯ ಕಣಾಂಗಗಳೂ (ಕೋಶದೊಳಗಿನ ಪುಟ್ಟ ಘಟಕಗಳೂ) ಇರುತ್ತವೆ. ಒಂದೇ ಕೋಶದಲ್ಲಿ ಇವೆರಡೂ ಬೇರೆಬೇರೆಯಾಗಿ ಹೇಗೆ ರೂಪುಗೊಳ್ಳುತ್ತವೆ ಎಂಬುದನ್ನು ಹಿಂಬಾಲಿಸುವುದೇ ನನ್ನ ಕೆಲಸವಾಗಿತ್ತು.

ಮೊಟ್ಟೆ ತುಂಬಿದ ಹುಳುವನ್ನು ಉಪ್ಪುದ್ರಾವಣದ ಹನಿಯಲ್ಲಿ ಸಿರಿಂಜ್ ಸೂಜಿಯಿಂದ ಕತ್ತರಿಸಿ, ಹೊರಬಂದ ಭ್ರೂಣಗಳನ್ನು ಅಗರೋಸ್ ಎಂಬ ಜೆಲ್ಲಿನ ತೆಳುವಾದ ಪದರದ ಮೇಲಿರಿಸಿ, ಕವರ್‌ಸ್ಲಿಪ್ಪಿನ ಅಂಚುಗಳನ್ನು ವ್ಯಾಸಲಿನ್‌ನಿಂದ ಮುಚ್ಚುತ್ತಿದ್ದೆ. ಮೊಟ್ಟೆಯ ಚಿಪ್ಪು ಬಹುತೇಕ ಬಣ್ಣಗಳನ್ನು ಒಳಬಿಡುವುದಿಲ್ಲವಾದರೂ ಕರುಳುಕಣಗಳಿಗೆ ಬಣ್ಣ ಹಾಕಬೇಕಾದ ಅಗತ್ಯವೇ ಇರಲಿಲ್ಲ. ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕಿನಲ್ಲಿ) ಕಪ್ಪು ಹಿನ್ನೆಲೆಯ ಮೇಲೆ ಅವು ತಾವಾಗಿಯೇ ಹೊಳೆಯುತ್ತವೆ. ಭ್ರೂಣ ಉದ್ದವಾಗುತ್ತ ಒಳಗೇ ಹೊರಳತೊಡಗಿದಾಗ ಕಣಗಳ ದಿಕ್ಕೂ ಬದಲಾಗುವುದರಿಂದ ಅವು ಒಮ್ಮೆ ಮಿನುಗಿ ಒಮ್ಮೆ ಮಾಯವಾಗುತ್ತವೆ. ಎಣಿಸುವವರಿಗೆ ಇದು ನಿಜವಾದ ತಲೆನೋವು.

ಆದರೆ ನಾನು ಎಡವಿದ್ದು ಬೇರೆಡೆ. ಹಸಿರು ಪ್ರತಿದೀಪಕ (ಬೆಳಕು ಬಿದ್ದಾಗ ಬೇರೊಂದು ಬಣ್ಣದಲ್ಲಿ ಹೊಳೆಯುವ) ಪ್ರೋಟೀನ್ ಜೋಡಿಸಿದ, ಲೈಸೋಸೋಮ್‌ಗಳನ್ನು ತೋರಿಸಿಕೊಡುವ ಗುರುತು ಕರುಳುಕಣಗಳ ಮೇಲೆಯೇ ಕುಳಿತಿದೆ ಎಂದು ಒಂದು ವಾರ ಚಿತ್ರಗಳನ್ನು ತೆಗೆದು ಹಿಗ್ಗಿದ್ದೆ. ಯಾವ ಗುರುತೂ ಇಲ್ಲದ ಭ್ರೂಣವನ್ನು ಅದೇ ಫಿಲ್ಟರಿನಲ್ಲಿ, ಅಷ್ಟೇ ಎಕ್ಸ್‌ಪೋಶರಿನಲ್ಲಿ ನೋಡಿದಾಗ ಅಲ್ಲಿಯೂ ಅವೇ ಚುಕ್ಕೆಗಳು! ಈ ಕಣಗಳಿಗೆ ಸ್ವಂತ ಪ್ರತಿದೀಪ್ತಿಯಿದೆ; ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಕಾಣುವ ಅದು ಹಸಿರಿಗೂ ಸೋರುತ್ತದೆ. ಅಂದಿನಿಂದ ಕೆಂಪು ಪ್ರತಿದೀಪಕವನ್ನೇ ಆರಿಸಿಕೊಂಡೆ, ಗುರುತಿಲ್ಲದ ಭ್ರೂಣದ ಚಿತ್ರವಿಲ್ಲದೆ ಯಾವ ಫಲಿತಾಂಶವನ್ನೂ ಬರೆದಿಡಲಿಲ್ಲ.

ಗ್ಲೋ-1 ಜೀನು ಕೆಟ್ಟಿರುವ ತಳಿಯಲ್ಲಿ ವಿಷಯ ಸ್ಪಷ್ಟವಾಗುತ್ತದೆ. ಈ ಜೀನಿನಿಂದಾಗುವ ಪ್ರೋಟೀನು, ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೋಮ್‌ಗಳು ರೂಪುಗೊಳ್ಳಲು ನೆರವಾಗುವ ರ‍್ಯಾಬ್32 ಮತ್ತು ರ‍್ಯಾಬ್38 ಪ್ರೋಟೀನುಗಳ ಹತ್ತಿರದ ಸಂಬಂಧಿ. ಅದಿಲ್ಲದಾಗ ಕೋಶದೊಳಗೆ ಕರುಳುಕಣಗಳು ಕಾಣುವುದಿಲ್ಲ, ಮಿನುಗುವ ವಸ್ತು ದಾರಿ ತಪ್ಪಿ ಕರುಳಿನ ಟೊಳ್ಳಿನೊಳಗೆ ಸೇರಿಕೊಳ್ಳುತ್ತದೆ; ಸಾಮಾನ್ಯ ಲೈಸೋಸೋಮ್‌ಗಳು ಮಾತ್ರ ಉಳಿದಿರುತ್ತವೆ. ಎರಡೂ ಕಣಾಂಗಗಳಿಗೆ ಸರಕು ಸಾಗುವ ದಾರಿಗಳು ಬೇರೆ ಎಂಬುದಕ್ಕೆ ನನಗೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಈ ತಳಿಯ ದೋಷ ಸೂಕ್ಷ್ಮದರ್ಶಕದಲ್ಲಿ ಎಣಿಸದೆ ನೋಡಿದರೂ ತಿಳಿಯುವಷ್ಟು ಎದ್ದುಕಾಣುತ್ತದೆ. ಕೆಲವು ಕಣಗಳನ್ನಷ್ಟೇ ಕಳೆದುಕೊಂಡಿರುವ ತಳಿಗಳಲ್ಲಿ ಮಾತ್ರ, ಸ್ಲೈಡಿನ ಮೇಲಿನ ಹೆಸರನ್ನು ಸಹೋದ್ಯೋಗಿಯೊಬ್ಬರಿಂದ ಮುಚ್ಚಿಸಿ, ಭ್ರೂಣ ಹೊರಳತೊಡಗುವ ಮೊದಲೇ ಎಣಿಸಿ ಮುಗಿಸುತ್ತೇನೆ.