ಲಿನ್ನಾಳ ಹಸಿರು ಕವಚ ನನ್ನ ಅಳತೆಗೆ ಬಂದದ್ದು ಹೀಗೆ

‘ಬಬಲ್‌ಗಮ್ ಕ್ರೈಸಿಸ್’ ಎಂಬ ಜಪಾನಿ ಅನಿಮೇಷನ್ ಸರಣಿಯನ್ನು ನಾನು ಮೊದಲು ನೋಡಿದ್ದು ಕಾಲೇಜಿನಲ್ಲಿದ್ದಾಗ. ಬೈಕು, ರಾಕ್ ಸಂಗೀತ, ರಾತ್ರಿಯ ಟೋಕಿಯೊ, ಯಂತ್ರಮಾನವರನ್ನು ಗುದ್ದಿ ಕೆಡವುವ ನಾಲ್ಕು ಹೆಣ್ಣುಮಕ್ಕಳು. ಆಗ ಅಷ್ಟೇ ಸಾಕಿತ್ತು. ಹೋದ ವರ್ಷ ಮತ್ತೆ ನೋಡಲು ಕೂತಾಗ ಪಕ್ಕದಲ್ಲಿ ನೋಟ್‌ಬುಕ್ಕು, ಪೆನ್ಸಿಲ್ಲು, ಅಳತೆ ಟೇಪು ಇದ್ದವು. ಆ ನಾಲ್ವರಲ್ಲಿ ಒಬ್ಬಳ ಕವಚವನ್ನು ನನ್ನ ಮೈಗೆ ಸರಿಯಾಗಿ ಕೂರುವ ಹಾಗೆ ಮಾಡಿಕೊಂಡು ಅಭಿಮಾನಿಗಳು ಪಾತ್ರಗಳ ವೇಷ ಹಾಕಿಕೊಂಡು ಸೇರುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋಗಬೇಕು ಅಂತ ತೀರ್ಮಾನಿಸಿದ್ದೆ. ಮಾಡುವವರ ಕಣ್ಣಿನಿಂದ ನೋಡಿದಾಗ ಸರಣಿಯ ಬೇರೆಯೇ ಒಂದು ಮುಖ ಕಂಡಿತು. ಅದನ್ನೂ, ಕವಚ ಮಾಡಿದ ರೀತಿಯನ್ನೂ ಬರೆಯುತ್ತಿದ್ದೇನೆ.

ನೋಡಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1987ರ ಫೆಬ್ರವರಿಯಿಂದ 1991ರ ಜನವರಿಯವರೆಗೆ ಜಪಾನಿನಲ್ಲಿ ಇದರ 8 ಕಂತುಗಳು ಬಂದವು. ಟಿವಿಗೂ ಅಲ್ಲ, ಥಿಯೇಟರಿಗೂ ಅಲ್ಲ, ನೇರವಾಗಿ ವಿಡಿಯೊಗೆ. ಇಂಥವನ್ನು ಓವಿಎ (ಒರಿಜಿನಲ್ ವಿಡಿಯೊ ಆನಿಮೇಷನ್) ಅಂತಾರೆ. 13 ಕಂತು ಮಾಡುವ ಯೋಚನೆಯಿತ್ತು. ನಿರ್ಮಾಣದಲ್ಲಿದ್ದ ಸಂಸ್ಥೆಗಳ ನಡುವೆ ತಕರಾರು ಎದ್ದು 8ಕ್ಕೇ ನಿಂತುಹೋಯಿತು. ಜಪಾನಿನಲ್ಲಿ ಆಗ ದುಡ್ಡು ಹರಿದಾಡುತ್ತಿದ್ದ ಕಾಲ. ಆ ಧಾರಾಳತನ ಪ್ರತಿ ಚೌಕಟ್ಟಿನಲ್ಲೂ (ಫ್ರೇಮ್) ಕಾಣುತ್ತದೆ. ಎಲ್ಲವೂ ಕೈಯಲ್ಲಿ ಬರೆದು, ಸೆಲ್ ಎಂಬ ಪಾರದರ್ಶಕ ಹಾಳೆಯ ಮೇಲೆ ಬಣ್ಣ ತುಂಬಿದ ಚಿತ್ರಗಳು.

ಕಥೆ ನಡೆಯುವುದು 2032ರ ಮೆಗಾ ಟೋಕಿಯೊದಲ್ಲಿ. 1923ರ ಕಾಂಟೊ ಭೂಕಂಪದಂಥದ್ದೇ ಇನ್ನೊಂದು 2025ರಲ್ಲಿ ಬಂದು ನಗರ ನೆಲಸಮವಾಗಿದೆ. ಮತ್ತೆ ಕಟ್ಟುವ ಕೆಲಸದಲ್ಲಿ ಜೆನೊಮ್ ಎಂಬ ಕಂಪನಿ ಬೆಳೆದು ನಿಂತಿದೆ. ಅದು ತಯಾರಿಸುವ ಕೃತಕ ಮನುಷ್ಯರು ಬೂಮರ್‌ಗಳು. ದುಡಿಯುವುದಕ್ಕೂ ಅವೇ, ಯುದ್ಧಕ್ಕೂ ಅವೇ. ಅವು ಕೆರಳಿದರೆ ಅವನ್ನು ಹಿಡಿಯಲೆಂದೇ ಇರುವ ಎ.ಡಿ. ಪೊಲೀಸರು ಬರುತ್ತಾರೆ, ಆದರೆ ಅವರ ಕೈಲಿ ಆಗುವುದಿಲ್ಲ. ಆಗ ಬರುವವರೇ ನೈಟ್ ಸೇಬರ್ಸ್: ಸಿಲಿಯಾ, ಪ್ರಿಸ್, ಲಿನ್ನಾ, ನೆನೆ. ಅವರು ಹಾಕುವ ಕವಚದ ಹೆಸರು ಹಾರ್ಡ್‌ಸೂಟ್.

ಈ ಕವಚಗಳು ಯುದ್ಧಸಾಮಗ್ರಿಗಿಂತ ಹೆಚ್ಚಾಗಿ ಬಟ್ಟೆಗಳು. ಮತ್ತೆ ನೋಡುವಾಗ ನನಗೆ ಮೊದಲು ಹೊಳೆದದ್ದು ಇದು. ಸಿಲಿಯಾ ಸ್ಟಿಂಗ್‌ರೇ ಹೊರಜಗತ್ತಿಗೆ ‘ಸಿಲ್ಕಿ ಡಾಲ್’ ಎಂಬ ಹೆಂಗಸರ ಒಳಉಡುಪಿನ ಅಂಗಡಿಯ ಒಡತಿ. ಕಾಲೇಜಿನಲ್ಲಿ ಅದನ್ನು ಸುಮ್ನೆ ಒಂದು ತಮಾಷೆ ಅಂದುಕೊಂಡು ಮುಂದೆ ಹೋಗಿದ್ದೆ. ಈಗ ಅನಿಸುತ್ತದೆ, ಇಡೀ ಸರಣಿಯ ವಿನ್ಯಾಸದ ಬೀಗದ ಕೈ ಅಲ್ಲೇ ಇದೆ. ಹೆಣ್ಣಿನ ಮೈಗೆ ಯಾವುದು ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಬೇಕು ಅಂತ ಗೊತ್ತಿರುವವಳು ತಂಡ ಕಟ್ಟಿದ್ದಾಳೆ. ಹಾಗಾಗಿ ನಾಲ್ಕು ಕವಚಗಳೂ ಬೇರೆ ಬೇರೆ. ಪ್ರಿಸ್‌ಳದು ನೀಲಿ, ನೆನೆಯದು ಗುಲಾಬಿ ಕಡೆಗೆ, ಲಿನ್ನಾಳದು ಹಸಿರು. ಬಣ್ಣ ತೆಗೆದುಹಾಕಿ ಬರೀ ನೆರಳು ತೋರಿಸಿದರೂ ಯಾರು ಅಂತ ಹೇಳಬಹುದು.

ಎಲ್ಲರೂ ಆರಿಸುವುದು ಪ್ರಿಸ್‌ಳನ್ನು. ಅದಕ್ಕೆ ಕಾರಣವೂ ಇದೆ. ಮೊದಲ ಕಂತು ಶುರುವಾಗುವುದೇ ಅವಳ ಹಾಡಿನಿಂದ. ದನಿ ಕೊಟ್ಟ ಕಿನುಕೊ ಓಮೊರಿ ಸ್ವತಃ ಗಾಯಕಿ. 5ನೇ ಕಂತಿನಲ್ಲಿ ಸಿಲ್ವಿ ಎಂಬ ಗೆಳತಿಯನ್ನು ಪ್ರಿಸ್ ತನ್ನ ಕೈಯಾರೆ ಕೊಲ್ಲಬೇಕಾಗಿ ಬರುತ್ತದೆ. ಸಿಲ್ವಿ ಬೂಮರ್ ಆಗಿರುತ್ತಾಳೆ. ಆ ಕಂತು ಈಗ ನೋಡಿದಾಗಲೂ ನನಗೆ ಗಂಟಲು ಕಟ್ಟಿತು. ಆದರೂ ನಾನು ಲಿನ್ನಾ ಯಮಾಜಾಕಿಯನ್ನು ಆರಿಸಿದೆ. ಅವಳು ಏರೋಬಿಕ್ಸ್ ಹೇಳಿಕೊಡುವವಳು, ದುಡ್ಡಿನ ಮೇಲೆ ಪ್ರೀತಿ ಇರುವವಳು, ನಾಲ್ವರಲ್ಲಿ ನಮ್ಮ ನಿಮ್ಮಂಥವಳು. 2ನೇ ಕಂತಿನಲ್ಲಿ ಅವಳ ಗೆಳತಿ ಐರೀನ್ ಜೆನೊಮ್‌ನ ಕೈಯಲ್ಲಿ ಸಾಯುತ್ತಾಳೆ. 7ನೇ ಕಂತಿನಲ್ಲಿ ಐರೀನ್‌ಳ ಸೋದರಿ ರೇಕಾ ಸೇಡಿಗೆ ಬರುತ್ತಾಳೆ. ನಡುವೆ ಇಷ್ಟು ಕಂತುಗಳಿದ್ದರೂ ಸರಣಿ ಆ ಹುಡುಗಿಯ ಸಾವನ್ನು ಮರೆತಿಲ್ಲ. ಮೊದಲ ಸಲ ನೋಡಿದಾಗ ಈ ಎಳೆಯೇ ನನ್ನ ಗಮನಕ್ಕೆ ಬಂದಿರಲಿಲ್ಲ. 1998ರಲ್ಲಿ ಇದೇ ಕಥೆಯನ್ನು ಹೊಸದಾಗಿ 26 ಕಂತುಗಳ ಟಿವಿ ಸರಣಿ ಮಾಡಿದಾಗ ಲಿನ್ನಾಳನ್ನೇ ಮುಂದಕ್ಕೆ ತಂದರು. ಹೊಸತರ ಕವಚಗಳು ನನಗೆ ಅಷ್ಟು ಹಿಡಿಸಲಿಲ್ಲ. ಹಳೆಯದರಲ್ಲಿ ಲೋಹದ ತೂಕ ಇದೆ.

ಕೆಲಸ ಶುರುವಾಗುವುದು ಚಿತ್ರ ನಿಲ್ಲಿಸಿ ನಿಲ್ಲಿಸಿ ನೋಡುವುದರಿಂದ. ಇಲ್ಲೊಂದು ತೊಡಕಿದೆ. ಈ 8 ಕಂತುಗಳಿಗೆ ಒಬ್ಬರೇ ನಿರ್ದೇಶಕರಲ್ಲ. ಮೊದಲ ಮೂರು ಕತ್ಸುಹಿತೊ ಅಕಿಯಾಮ ಅವರದು. 5 ಮತ್ತು 6 ಮಸಾಮಿ ಒಬಾರಿ ಅವರದು. ಪಾತ್ರಗಳ ರೂಪ ಕೊಟ್ಟವರು ಕೆನಿಚಿ ಸೊನೊಡ. ಕೈ ಬದಲಾದ ಹಾಗೆ ಕವಚದ ಭುಜ, ಸೊಂಟ, ಹೊಳಪು ಎಲ್ಲ ಅಷ್ಟಿಷ್ಟು ಬದಲಾಗುತ್ತವೆ. ಎಲ್ಲ ಕಡೆಯಿಂದ ಒಂದೊಂದು ತುಣುಕು ಆರಿಸಿದರೆ ಕೊನೆಗೆ ಯಾವುದೂ ಒಂದಕ್ಕೊಂದು ಹೊಂದುವುದಿಲ್ಲ. ಅದಕ್ಕೇ 5ನೇ ಕಂತನ್ನು ಮಾತ್ರ ಆಧಾರ ಅಂತ ಇಟ್ಟುಕೊಂಡೆ. ಲಿನ್ನಾ ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಕಾಣುವ ಚೌಕಟ್ಟುಗಳನ್ನು ತೆಗೆದು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ.

ನಕ್ಷೆ ತೆಗೆಯುವ ವಿಧಾನ ಸುಲಭ. ಹಳೆಯ ಟೀ ಶರ್ಟ್ ಹಾಕಿಕೊಳ್ಳಬೇಕು. ಅದರ ಮೇಲೆ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಮೇಲೆ ಮಾಸ್ಕಿಂಗ್ ಟೇಪನ್ನು ಪೂರ್ತಿ ಅಂಟಿಸಿ, ಕವಚದ ಗೆರೆಗಳನ್ನು ಮಾರ್ಕರ್‌ನಲ್ಲಿ ಬರೆಯಬೇಕು. ಆಮೇಲೆ ಕತ್ತರಿಸಿ ಬಿಚ್ಚಿ, ತುಂಡುಗಳನ್ನು ನ್ಯೂಸ್‌ಪೇಪರಿನ ಮೇಲೆ ಚಪ್ಪಟೆಯಾಗಿ ಹರಡಿ ಗೆರೆ ಎಳೆದುಕೊಳ್ಳಬೇಕು. ಅರ್ಧ ಮೈಗೆ ಮಾಡಿದರೆ ಸಾಕು, ಇನ್ನರ್ಧ ಕಾಗದ ಮಗುಚಿದರೆ ಬರುತ್ತದೆ. ಆದರೆ ಎದೆಯ ಭಾಗ ಚಪ್ಪಟೆಯಾಗಿ ಹರಡುವುದಿಲ್ಲ. ಅದು ಉಬ್ಬು. ಎಲ್ಲಿ ಸೀಳಬೇಕು ಅಂತ ಯೋಚಿಸುತ್ತಾ ಕೂತಿದ್ದಾಗ ಅಮ್ಮ ಬಂದು ನೋಡಿದರು. ಅವರು ವರ್ಷಾನುಗಟ್ಟಲೆ ಬ್ಲೌಸ್ ಹೊಲಿದವರು.

“ಇದು ಪ್ರಿನ್ಸೆಸ್ ಕಟ್ ಕಣೇ. ಭುಜದಿಂದ ಎದೆ ಮೇಲೆ ಹಾದು ಸೊಂಟಕ್ಕೆ ಗೆರೆ ತಗೊ. ಎಲ್ಲಿ, ಆ ಚಿತ್ರ ತೋರಿಸು.”

ತೋರಿಸಿದೆ. ಲಿನ್ನಾಳ ಎದೆಕವಚದ ಜೋಡಣೆಯ ಗೆರೆ ಹೆಚ್ಚುಕಡಿಮೆ ಅಲ್ಲೇ ಇತ್ತು.

“ಬರೆದವರಿಗೆ ಹೊಲಿಗೆ ಗೊತ್ತಿತ್ತು ಅನ್ಸುತ್ತೆ” ಅಂದರು ಅಮ್ಮ. ನನ್ನ ಅಳತೆ ಬ್ಲೌಸ್ ತಂದು ಟೇಪಿನ ನಕ್ಷೆಯ ಮೇಲಿಟ್ಟು ಗೆರೆ ತಿದ್ದಿಕೊಟ್ಟರು. ಕವಚ ಮಾಡುವ ಫೋಮ್‌ಗೆ ಹೊಲಿಗೆಯ ಮಾರ್ಜಿನ್ ಬೇಡ, ಅಂಚಿಗೆ ಅಂಚು ಅಂಟುತ್ತದೆ ಅಂತ ನಾನು ಅವರಿಗೆ ಹೇಳಿಕೊಟ್ಟೆ. ಬದಲಿಗೆ ಫೋಮಿನ ದಪ್ಪಕ್ಕೆ ತಕ್ಕಂತೆ ಸುತ್ತಳತೆ ಸ್ವಲ್ಪ ಜಾಸ್ತಿ ಇಡಬೇಕು. ಇಲ್ಲದಿದ್ದರೆ ಒಳಗೆ ಉಸಿರಾಡಲು ಜಾಗ ಇರುವುದಿಲ್ಲ.

ಸಾಮಾನಿನ ಬಗ್ಗೆ ಕೇಳುವವರು ತುಂಬಾ ಜನ. ಮುಖ್ಯವಾದದ್ದು ಇವಿಎ ಫೋಮ್. ಚಪ್ಪಲಿಯ ಅಟ್ಟೆ, ಮಕ್ಕಳು ಆಡುವ ಬಣ್ಣದ ಮ್ಯಾಟು, ಎರಡೂ ಇದರಿಂದಲೇ ಆದವು. ಚಪ್ಪಲಿ ಮಾಡುವ ಸಾಮಾನಿನ ಅಂಗಡಿಯಲ್ಲಿ ಹಾಳೆಯ ಲೆಕ್ಕದಲ್ಲಿ ಸಿಗುತ್ತದೆ. ಎದೆ, ತೋಳು, ತೊಡೆಗೆ 5 ಮಿ.ಮೀ., ಭುಜಕ್ಕೆ 10 ಮಿ.ಮೀ., ಮೇಲಿನ ಸಣ್ಣ ಪಟ್ಟಿಗಳಿಗೆ 2 ಮಿ.ಮೀ. ಬಳಸಿದೆ. ಕತ್ತರಿ ಬೇಡ, ಹೊಸ ಬ್ಲೇಡ್ ಹಾಕಿದ ಕಟ್ಟರ್ ಬೇಕು. ಮೊಂಡಾದ ಬ್ಲೇಡ್ ಫೋಮನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಮೂಲೆ ತಿರುಗುವ ಕಡೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಿದರೆ ಜೋಡಣೆ ಚೂಪಾಗಿ ಬರುತ್ತದೆ.

ಅಂಟಿಗೆ ಫೆವಿಬಾಂಡ್. ಎರಡೂ ಅಂಚಿಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಮೆತ್ತಿಕೊಳ್ಳದಷ್ಟು ಒಣಗುವವರೆಗೆ ಕಾಯಬೇಕು. ಆಮೇಲೆ ಒತ್ತಬೇಕು. ಒತ್ತಿದ ಮೇಲೆ ಸರಿಪಡಿಸಲು ಆಗುವುದಿಲ್ಲ, ಹಾಗಾಗಿ ಒಂದು ತುದಿಯಿಂದ ನಿಧಾನವಾಗಿ ಕೂಡಿಸುತ್ತಾ ಹೋಗಿ. ಇದರ ವಾಸನೆ ಒಳ್ಳೆಯದಲ್ಲ. ತಾರಸಿಯಲ್ಲಿ ಕೂತು ಮಾಡಿ, ಮಾಸ್ಕ್ ಹಾಕಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬಾಗಿಲು ಕಿಟಕಿ ಹಾಕಿದ ರೂಮಿನಲ್ಲಿ ಈ ಕೆಲಸ ಮಾಡಲೇಬೇಡಿ.

ಆಕಾರ ಕೊಡುವುದು ಹಾಟ್ ಏರ್ ಗನ್. ಬಿಸಿಗಾಳಿ ಬಿಟ್ಟಾಗ ಫೋಮಿನ ಮಂಕು ಮೇಲ್ಮೈ ಸ್ವಲ್ಪ ಹೊಳೆಯಲು ಶುರುವಾಗುತ್ತದೆ. ಅಂದರೆ ಸಣ್ಣ ತೂತುಗಳು ಮುಚ್ಚಿಕೊಂಡವು ಅಂತ. ಆಗ ತಕ್ಷಣ ಬೇಕಾದ ಆಕಾರಕ್ಕೆ ಬಗ್ಗಿಸಿ ತಣ್ಣಗಾಗುವ ತನಕ ಹಿಡಿಯಬೇಕು. ಭುಜದ ಗುಂಡಗಿನ ಭಾಗಕ್ಕೆ ಸ್ಟೀಲ್ ತಪ್ಪಲೆ ಬೋರಲು ಹಾಕಿ ಅದರ ಮೇಲೆ ಒತ್ತಿದೆ. ಎಡಕ್ಕೂ ಬಲಕ್ಕೂ ಒಂದೇ ಉಬ್ಬು ಬಂತು.

ಈಗ ಕೀಲುಗಳು. ಚಿತ್ರ ಬಿಡಿಸುವವರಿಗೆ ಇಲ್ಲಿ ಒಂದು ಅನುಕೂಲ ಇದೆ, ನಮಗೆ ಇಲ್ಲ. ಲಿನ್ನಾ ಸೊಂಟ ತಿರುಗಿಸಿ ಒದೆಯುವಾಗ ಲೋಹದ ತಗಡೂ ಅವಳ ಜೊತೆಗೇ ಬಗ್ಗುತ್ತದೆ. ಒಂದೊಂದೇ ಚೌಕಟ್ಟು ಸರಿಸಿ ನೋಡಿದರೆ ಗೊತ್ತಾಗುತ್ತದೆ. ಚಲನೆ ಚೆನ್ನಾಗಿ ಕಂಡರೆ ಸಾಕು, ತಗಡಿನ ನಿಯಮ ಆಮೇಲೆ. ಅದು ಸರಿಯಾದ ನಿರ್ಧಾರ. ನಾನೂ ಅದನ್ನೇ ಅನುಸರಿಸಬೇಕಿತ್ತು. ಲಿನ್ನಾ ನೃತ್ಯದ ಮೈಯವಳು. ಅವಳ ಕವಚ ಹಾಕಿಕೊಂಡು ಕಂಬದ ಹಾಗೆ ನಿಂತರೆ ಅದು ಲಿನ್ನಾ ಅಲ್ಲ. ಅದಕ್ಕೆ ಚಿತ್ರದಲ್ಲಿ ಒಂದೇ ತುಂಡಾಗಿ ಕಾಣುವ ಸೊಂಟದ ಭಾಗವನ್ನು ಅಡ್ಡಡ್ಡ ಮೂರು ಪಟ್ಟಿ ಮಾಡಿದೆ. ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಇಟ್ಟು ಒಳಗಿನಿಂದ ಅಗಲ ಇಲಾಸ್ಟಿಕ್‌ಗೆ ಅಂಟಿಸಿದೆ. ನಿಂತಾಗ ಒಂದೇ ತುಂಡು ಅನಿಸುತ್ತದೆ, ಬಾಗಿದರೆ ತೆರೆದುಕೊಳ್ಳುತ್ತದೆ. ಮೊಣಕೈ, ಮೊಣಕಾಲಿನ ಹಿಂದೆ ಕವಚವೇ ಇಲ್ಲ. ಅಲ್ಲಿ ಒಳಗೆ ಹಾಕಿದ ಕಪ್ಪು ಲೈಕ್ರಾ ಬಟ್ಟೆ ಕಾಣುತ್ತದೆ. ಪರೀಕ್ಷೆ ಮೂರು: ಎರಡೂ ಕೈ ಮೇಲೆತ್ತಬೇಕು, ಬಸ್ಸಿನ ಮೆಟ್ಟಿಲು ಹತ್ತಬೇಕು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಹಿಮ್ಮಡಿಯ ವಿಷಯದಲ್ಲಿ ಮಾತ್ರ ರಾಜಿ ಮಾಡಿಕೊಂಡೆ. ಸರಣಿಯ ಕವಚಗಳಿಗೆ ಎತ್ತರದ ಹಿಮ್ಮಡಿ ಇದೆ. ನಾನು ಗಟ್ಟಿ ಅಟ್ಟೆಯ ಶೂ ಮೇಲೆ ಫೋಮ್ ಹೊದಿಸಿದೆ. ಇಡೀ ದಿನ ಸಿಮೆಂಟ್ ನೆಲದ ಮೇಲೆ ನಿಲ್ಲಬೇಕಲ್ವಾ.

ಲಿನ್ನಾಳ ಗುರುತು ಅಂದರೆ ಹೆಲ್ಮೆಟ್ಟಿನಿಂದ ಹಿಂದಕ್ಕೆ ಹಾರಾಡುವ ಉದ್ದದ ರಿಬ್ಬನ್‌ಗಳು. ಅವು ಅಲಂಕಾರವಲ್ಲ, ಆಯುಧ. ತಲೆ ತಿರುಗಿಸಿದರೆ ಬೂಮರ್‌ನ ಮೈ ಸೀಳುತ್ತವೆ. ಎಷ್ಟು ಚೆಂದದ ಕಲ್ಪನೆ! ಹೆಣ್ಣುಮಗುವಿನ ಜಡೆಗೆ ಕಟ್ಟುವ ವಸ್ತು ಕತ್ತಿಯಾಗಿದೆ. ಸಾದಾ ಸ್ಯಾಟಿನ್ ರಿಬ್ಬನ್ ಜೋತು ಬೀಳುತ್ತದೆ. ಹಾಗಾಗಿ ಎರಡು ರಿಬ್ಬನ್‌ಗಳ ನಡುವೆ ಬ್ಲೌಸಿನ ಕುತ್ತಿಗೆಗೆ ಹಾಕುವ ಕ್ಯಾನ್ವಾಸ್ ಇಟ್ಟು ಅಮ್ಮ ಮೆಷಿನ್ನಿನಲ್ಲಿ ಹೊಲಿದುಕೊಟ್ಟರು. ಬೆನ್ನಿಂದ ಸ್ವಲ್ಪ ದೂರ ನಿಂತು ಬಾಗಿ ಇಳಿಯುವಷ್ಟು ಗಟ್ಟಿತನ ಬಂತು. ಹೆಲ್ಮೆಟ್ಟಿಗೆ ಅವನ್ನು ಟಿಚ್ ಬಟನ್‌ನಲ್ಲಿ ಸೇರಿಸಿದೆ. ಜನಜಂಗುಳಿಯಲ್ಲಿ ಯಾರಾದರೂ ತುಳಿದರೆ ಬಿಚ್ಚಿಕೊಳ್ಳಬೇಕು, ಕತ್ತು ಎಳೆಯಬಾರದು.

ಬಣ್ಣ ಹಾಕುವುದು ನನಗೆ ಅತಿ ಪ್ರೀತಿಯ ಭಾಗ. ಫೆವಿಕಾಲಿಗೆ ನೀರು ಬೆರೆಸಿ, ಪದರದ ಮೇಲೆ ಪದರ ಹಚ್ಚಿ, ಪ್ರತಿಯೊಂದೂ ಒಣಗಿದ ಮೇಲೆ ಇನ್ನೊಂದು. ಅದು ಬಗ್ಗಿದರೂ ಬಿರಿಯುವುದಿಲ್ಲ. ಅದರ ಮೇಲೆ ಅಕ್ರಿಲಿಕ್. ಕವಚ ಮಾಡುವವರು ಸಾಮಾನ್ಯವಾಗಿ ನಿಜವಾದ ಲೋಹದ ಹಾಗೆ ಕಾಣಲಿ ಅಂತ ಬೆಳ್ಳಿ ಬಣ್ಣ ತಿಕ್ಕಿ, ಗೀರು, ತುಕ್ಕು, ಮಸಿ ಎಲ್ಲ ಹಾಕುತ್ತಾರೆ. ನಾನು ಹಾಗೆ ಮಾಡಲಿಲ್ಲ. ಸೆಲ್ ಚಿತ್ರದಲ್ಲಿ ಬಣ್ಣಗಳು ಒಂದರಲ್ಲೊಂದು ಕರಗುವುದಿಲ್ಲ. ಬೆಳಕು ಒಂದು ಆಕಾರ, ನೆರಳು ಇನ್ನೊಂದು ಆಕಾರ, ನಡುವೆ ಚೂಪಾದ ಗಡಿ. ಆ ಗಡಿಯಿಂದಲೇ 1980ರ ದಶಕದ ಲೋಹ ಹೊಳೆಯುತ್ತದೆ. ಮೂರು ಹಸಿರು ಕಲಸಿಕೊಂಡೆ: ನಡುವಿನದು, ಗಾಢ, ತಿಳಿ. ಗಡಿಗಳಿಗೆ ಮಾಸ್ಕಿಂಗ್ ಟೇಪ್ ಹಾಕಿ ಒಂದೊಂದಾಗಿ ತುಂಬಿದೆ. ಕೊನೆಗೆ ಅಂಚುಗಳಲ್ಲಿ ತೆಳುವಾದ ಬಿಳಿ ಗೆರೆ. ಹತ್ತಿರದಿಂದ ನೋಡಿದರೆ ಬಣ್ಣದ ಪಟ್ಟೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಚಿತ್ರದ ಲಿನ್ನಾ.

ಹೆಲ್ಮೆಟ್ಟಿನ ಮುಂದಿನ ಗಾಜಿಗೆ ಬಗ್ಗುವ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಕಾರಿನ ಗಾಜಿಗೆ ಹಾಕುವ ಕಪ್ಪು ಫಿಲ್ಮ್. ಒಳಗಿನಿಂದ ದಾರಿ ಕಾಣುತ್ತದೆ, ಹೊರಗಿನವರಿಗೆ ಕಣ್ಣು ಕಾಣುವುದಿಲ್ಲ. ಸರಣಿಯಲ್ಲಿ ಹೋರಾಟದ ನಡುವೆ ಪದೇ ಪದೇ ಹೆಲ್ಮೆಟ್ಟಿನ ಒಳಗಿನ ಮುಖ ತೋರಿಸುತ್ತಾರೆ. ಬೆವರು, ಭಯ, ಹಲ್ಲು ಕಚ್ಚಿದ ಸಿಟ್ಟು. ಯಾವ ಹೊಡೆದಾಟದಲ್ಲೂ ನಾವು ಕವಚವನ್ನು ಮಾತ್ರ ನೋಡುತ್ತಾ ಕೂರುವ ಹಾಗೆ ಬಿಡುವುದಿಲ್ಲ. ನನ್ನ ಬಳಿ ಅಂಥ ಕ್ಯಾಮೆರಾ ಇಲ್ಲ. ಅದಕ್ಕೆ ಹೆಲ್ಮೆಟ್ ಒಂದೇ ಕೈಯಲ್ಲಿ ತೆಗೆಯುವ ಹಾಗೆ ಹಿಂಭಾಗವನ್ನು ವೆಲ್ಕ್ರೊದಲ್ಲಿ ತೆರೆಯುವಂತೆ ಮಾಡಿದೆ. ಫೋಟೊಗೆ ನಿಂತಾಗ ಹಾಕಿಕೊಂಡೆ, ಮಾತಾಡಲು ಬಂದವರ ಎದುರು ತೆಗೆದು ಕಂಕುಳಲ್ಲಿ ಇಟ್ಟುಕೊಂಡೆ.

ಕಾಮಿಕ್ ಕಾನ್‌ನಲ್ಲಿ ಹೆಚ್ಚಿನವರಿಗೆ ಲಿನ್ನಾ ಯಾರು ಅಂತ ಗೊತ್ತಿರಲಿಲ್ಲ. ಅದಕ್ಕೆ ಬೇಜಾರಿಲ್ಲ, ಹೇಳಲು ಅವಕಾಶ ಸಿಕ್ಕಿತು. ರಿಬ್ಬನ್ ಮುಟ್ಟಿ ನೋಡಿದ ಪುಟ್ಟ ಹುಡುಗಿಯೊಬ್ಬಳು “ಅಕ್ಕಾ, ಇದ್ರಲ್ಲಿ ನಿಜವಾಗ್ಲೂ ಕಟ್ ಆಗುತ್ತಾ?” ಅಂತ ಕೇಳಿದಳು. ನಡುವಯಸ್ಸಿನವರೊಬ್ಬರು ದೂರದಿಂದಲೇ ಗುರುತು ಹಿಡಿದು ಬಂದು, ತಾವು ಕ್ಯಾಸೆಟ್ಟಿನ ಕಾಲದಲ್ಲಿ ಅಮೆರಿಕದಲ್ಲಿದ್ದಾಗ ಇದನ್ನು ನೋಡಿದ್ದಾಗಿ ಹೇಳಿದರು. ಅಲ್ಲಿ ಆನಿಮೈಗೊ ಸಂಸ್ಥೆ 1991ರಿಂದ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಕ್ಯಾಸೆಟ್ ತಂದಿತ್ತು. ನಾವಿಬ್ಬರೂ ಐರೀನ್ ಬಗ್ಗೆ ತುಂಬಾ ಹೊತ್ತು ಮಾತಾಡಿದೆವು.

ಈಗ ಗೆಳತಿಯೊಬ್ಬಳು ತಾನು ನೆನೆ ಆಗಬೇಕು ಅಂತ ಬಂದಿದ್ದಾಳೆ. ನನ್ನ ನ್ಯೂಸ್‌ಪೇಪರ್ ನಕ್ಷೆಗಳನ್ನು ಕೇಳಿದಳು. ಕೊಡಲಿಲ್ಲ. ಅವು ನನ್ನ ಮೈಗೆ ಕತ್ತರಿಸಿದವು, ಅವಳಿಗೆ ಕೂರುವುದಿಲ್ಲ. ಮೇಲಾಗಿ ನೆನೆಯ ಕೆಲಸವೇ ಬೇರೆ. ಅವಳು ಎ.ಡಿ. ಪೊಲೀಸ್ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವವಳು, ತಂಡಕ್ಕೆ ಸುದ್ದಿ ಸಂಗ್ರಹಿಸುವವಳು, ಒದೆಯುವವಳಲ್ಲ. ಅವಳಿಗೆ ಸೊಂಟ ತಿರುಗುವುದಕ್ಕಿಂತ ಬೆರಳು ಆಡುವುದು ಮುಖ್ಯ. ಕೈಗವಸಿನಿಂದ ಶುರು ಮಾಡೋಣ ಅಂದಿದ್ದೇನೆ. 8ನೇ ಕಂತು ನೆನೆಯದೇ ಕಥೆ. ಭಾನುವಾರ ಇಬ್ಬರೂ ಕೂತು ಅದನ್ನು ನೋಡುತ್ತೇವೆ. ಅವಳಿಗೆ ಹಳೆಯ ಟೀ ಶರ್ಟ್ ಹಾಕಿಕೊಂಡು ಬಾ ಅಂದಿದ್ದೇನೆ.