ಪೋಲೆಂಡಿನ ಹಳೆ ನೋಟು ಕೊಳ್ಳುವಾಗ ಬೆಳಕು ಓರೆಯಾಗಿರಲಿ

ಗೆಳೆಯರೊಬ್ಬರು 'ಹೊಚ್ಚ ಹೊಸದು' ಎಂದು ಆನ್‌ಲೈನ್‌ನಲ್ಲಿ ಕೊಂಡ 1948ರ 500 ಜ್ಲೋಟಿ ನೋಟು ತಂದು ತೋರಿಸಿದರು. ಗಣಿ ಕಾರ್ಮಿಕನ ಚಿತ್ರವಿರುವ ಒಳ್ಳೆಯ ನೋಟು. ಮೂಗಿಗೆ ಹಿಡಿದರೆ ಬಟ್ಟೆ ಸೋಪಿನ ವಾಸನೆ! ಯಾರೋ ತೊಳೆದು ಇಸ್ತ್ರಿ ಹಾಕಿ ಮಾರಿದ್ದರು. ಇದೇ ತಪ್ಪಿನಲ್ಲಿ ದುಡ್ಡು ಕಳೆದುಕೊಂಡವರನ್ನು ಸಾಕಷ್ಟು ನೋಡಿದ್ದೇನೆ.

ಹಂತ 1: ಕಾಲ ಆರಿಸಿಕೊಳ್ಳಿ. ಹೊಸಬರು 1974ರಲ್ಲಿ ಶುರುವಾದ 'ಮಹಾನ್ ಪೋಲರು' ಸರಣಿಯಿಂದಲೇ ಆರಂಭಿಸಲಿ. ಆಂದ್ಜೆಯ್ ಹೈದ್ರಿಖ್ ವಿನ್ಯಾಸ, ಬೆಲೆಯೂ ಕಡಿಮೆ. 50ರ ನೋಟಿನಲ್ಲಿ ಕಮ್ಯುನಿಸ್ಟ್ ಜನರಲ್ ಶ್ವೆರ್ಚೆವ್ಸ್ಕಿ, 200ರಲ್ಲಿ ಪ್ಯಾರಿಸ್ ಕಮ್ಯೂನಿನಲ್ಲಿ (1871ರ ಪ್ಯಾರಿಸ್ ಕಾರ್ಮಿಕರ ದಂಗೆ) ಹೋರಾಡಿದ ದೊಂಬ್ರೊವ್ಸ್ಕಿ. ಆಗಿನ ಕಮ್ಯುನಿಸ್ಟ್ ಸರ್ಕಾರಕ್ಕೆ ಯಾರು ಪ್ರಿಯರಾಗಿದ್ದರೆಂದು ನೋಟೇ ಹೇಳುತ್ತದೆ. ಹಣದುಬ್ಬರ ಏರಿದಂತೆ ಸೊನ್ನೆಗಳೂ ಏರಿದವು. 500ರ ನೋಟಿನ ಸ್ವಾತಂತ್ರ್ಯ ಹೋರಾಟಗಾರ ಕೊಶ್ಚ್ಯೂಷ್ಕೊನಿಂದ ಹೊರಟ ಸಾಲು, ಕಮ್ಯುನಿಸ್ಟರು ಅಧಿಕಾರ ಬಿಟ್ಟ ಮೇಲೂ ಬೆಳೆದು 1992ರಲ್ಲಿ 20 ಲಕ್ಷದ ನೋಟಿನ ಪಿಯಾನೊ ವಾದಕ ಪಾದೆರೆವ್ಸ್ಕಿಗೆ ಬಂದು ನಿಂತಿತು. 1995ರ ಜನವರಿ 1ರಂದು 10,000 ಹಳೆ ಜ್ಲೋಟಿಗೆ 1 ಹೊಸದು.

ಹಂತ 2: ಮುಖವಲ್ಲ, ದಿನಾಂಕ ಓದಿ. ಒಂದೇ 100ರ ನೋಟು 1975, 1976, 1982, 1988 ಎಂದು ಬೇರೆ ಬೇರೆ ದಿನಾಂಕ ಹೊತ್ತು ಬಂದಿದೆ. ಗರಿಗರಿಯಾದ ಹಳೆ ದಿನಾಂಕಕ್ಕೆ ಬೆಲೆ, 1988ರದ್ದು ಕಟ್ಟುಗಟ್ಟಲೆ ಸಿಗುತ್ತದೆ.

ದಿನಾಂಕ ಮೋಸವನ್ನೂ ಮಾಡುತ್ತದೆ. 1948ರ ಜುಲೈ 1 ಎಂದಿರುವ ನೋಟುಗಳು ಜನರ ಕೈಗೆ ಬಂದದ್ದು 1950ರ ಅಕ್ಟೋಬರ್ ಕೊನೆಯಲ್ಲಿ. ಆಗ ಹಳೆ ಹಣ ರದ್ದು ಮಾಡಿ ಹೊಸದು ಕೊಟ್ಟರು: ಸಂಬಳ, ಬೆಲೆಗಳಿಗೆ ಹಳೆಯ 100ಕ್ಕೆ ಹೊಸ 3. ಮನೆಯಲ್ಲಿಟ್ಟ ನಗದಿಗೆ ಮಾತ್ರ 100ಕ್ಕೆ 1. ಪೆಟ್ಟಿಗೆಯಲ್ಲಿ ಹಣ ಕೂಡಿಟ್ಟವರ ಮೂರರಲ್ಲಿ ಎರಡು ಪಾಲು ಮೌಲ್ಯ ಮುಳುಗಿತು. ನಮ್ಮ 2016ರ ನವೆಂಬರ್ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಂತ 3: ನೋಟಿನ ಸ್ಥಿತಿ ಪರೀಕ್ಷೆ. ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಕೋಣೆಯ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮೇಜಿಗೆ ತಾಗಿಸಿ ನೋಟಿನ ಮೇಲೆ ಅಡ್ಡಡ್ಡ ಬೆಳಕು ಬಿಡಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಾಣದ ಮಡಿಕೆ ಆಗ ಸಣ್ಣ ಬದುವಿನಂತೆ ಏಳುತ್ತದೆ. ಇಸ್ತ್ರಿ ಹಾಕಿದ್ದರೆ ಬದು ಇರುವುದಿಲ್ಲ, ಆದರೆ ಮಡಿಕೆಯ ಗೆರೆಯುದ್ದಕ್ಕೂ ಶಾಯಿ ಉದುರಿರುತ್ತದೆ. ಭೂತಗನ್ನಡಿ ಹಿಡಿದು ನಡುಮಧ್ಯ ನೋಡಿ. ಆಮೇಲೆ ಬೆರಳ ತುದಿ: ಉಬ್ಬು ಮುದ್ರಣದ ನೋಟಾದರೆ ಚಿತ್ರದ ಗೆರೆ ತುಸು ತರಿಯಾಗಿ ತಾಗಬೇಕು. ಇಸ್ತ್ರಿ ಒತ್ತಿದ ನೋಟು ನುಣ್ಣಗಾಗಿರುತ್ತದೆ. ಕೊನೆಗೆ ನೇರಳಾತೀತ ಟಾರ್ಚ್: ಡಿಟರ್ಜೆಂಟಿನಲ್ಲಿ ತೊಳೆದ ಕಾಗದ ಅದರಡಿ ಬಿಳಿಬಿಳಿಯಾಗಿ ಹೊಳೆಯುವುದುಂಟು. ಮಾರುವವರು ಸ್ಕ್ಯಾನ್ ಮಾತ್ರ ಕಳಿಸಿದರೆ ಒಪ್ಪಬೇಡಿ, ಸ್ಕ್ಯಾನರ್ ಮಡಿಕೆಗಳನ್ನೆಲ್ಲ ನುಂಗುತ್ತದೆ. ಓರೆ ಬೆಳಕಿನ ಫೋಟೊ ಕೇಳಿ. ಕೊಡದಿದ್ದರೆ ವ್ಯಾಪಾರ ಬಿಡಿ. 1948ರ ನೋಟಂತೂ ನನಗೆ ಸವೆದದ್ದೇ ಇಷ್ಟ. ಸಂತೆಯಲ್ಲಿ ತಿರುಗಿದ ನೋಟು, ಅದನ್ನು ತೊಳೆಯುವುದೇಕೆ?

ಹಂತ 4: 1944ರ ನೋಟಾದರೆ ಎರಡು ಸಲ ಯೋಚಿಸಿ. ಇವು ಮಾಸ್ಕೋದಲ್ಲಿ ಅಚ್ಚಾದವು. 'ಸ್ವೀಕಾರ ಕಡ್ಡಾಯ' ಎಂಬ ಅರ್ಥದ ಪೋಲಿಷ್ ಪದ ಎಂ (m) ಅಕ್ಷರದಲ್ಲಿ ಮುಗಿದರೆ ರಷ್ಯನ್ ವ್ಯಾಕರಣದ ಜಾಡಿನ ಮೊದಲ ಮುದ್ರಣ, ಇ (e) ಅಕ್ಷರದಲ್ಲಿ ಮುಗಿದರೆ ತಿದ್ದಿದ್ದು. 1974ರಲ್ಲಿ ಮೂಲ ಅಚ್ಚುಗಳಿಂದಲೇ ಸ್ಮರಣಾರ್ಥ ಪ್ರತಿಗಳು ಬಂದವು. ಹಾಗೆಂದು ಅವುಗಳ ಮೇಲೇ ಬರೆದಿದೆ, ಪೋಲಿಷ್ ಬಾರದವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಓದುವ ಮೊದಲು ದುಡ್ಡು ಕಳಿಸಬೇಡಿ.

ಹಂತ 5: ಪಾಲಿಯೆಸ್ಟರ್ ಕವರಿನಲ್ಲಿಡಿ. ಹೊಸ ರೈನ್‌ಕೋಟಿನಂತೆ ನಾರುವ ಮೆತ್ತನೆಯ ಪಿವಿಸಿ ಆಲ್ಬಂ ಬೇಡವೇ ಬೇಡ, ವರ್ಷಗಳಲ್ಲಿ ಅದು ಜಿಗುಟಾಗಿ ನೋಟಿಗೆ ಅಂಟುತ್ತದೆ. ಸೆಲ್ಲೋಟೇಪ್ ಇಟ್ಟ ಡ್ರಾಯರನ್ನು ಮನೆಯವರಿಗೆ ಬಿಟ್ಟುಕೊಡಿ. ವಿವರಗಳನ್ನು ಪೆನ್ಸಿಲಿನಲ್ಲಿ, ಬೇರೆ ಚೀಟಿಯ ಮೇಲೆ ಬರೆಯಿರಿ.