ತಟ್ಟೆ ತೊಳೆದು ಬಳಸಿ: ಇಂಟರ್‌ಪ್ರಿಟರ್‌ನಲ್ಲಿ ಫಂಕ್ಷನ್ ಕರೆಯ ವೇಗ

ಪ್ರೋಗ್ರಾಮಿನ ಸೂಚನೆಗಳನ್ನು ಒಂದೊಂದಾಗಿ ಓದಿ ನಡೆಸುವ, ಸ್ವಂತದ್ದೊಂದು ಪುಟ್ಟ ಇಂಟರ್‌ಪ್ರಿಟರ್ ಬರೆದಿದ್ದೀರಾ? ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್‌ನಿಂದ 30ನೆಯ ಫಿಬೊನಾಚಿ ಸಂಖ್ಯೆಯನ್ನು ಲೆಕ್ಕ ಹಾಕಿಸಿ. ಒಟ್ಟು 26,92,537 ಕರೆಗಳು. ಒಂದೊಂದರಲ್ಲೂ ಹೆಚ್ಚೆಂದರೆ ಒಂದು ಹೋಲಿಕೆ, ಎರಡು ವ್ಯವಕಲನ, ಒಂದು ಸಂಕಲನ. ಉಳಿದದ್ದು ಕರೆಯ ಸಿದ್ಧತೆಯ ಖರ್ಚು. ಐದು ಬಾರಿ ಓಡಿಸಿ, ಅತಿ ಕಡಿಮೆ ಸಮಯವನ್ನು ಬರೆದಿಟ್ಟುಕೊಳ್ಳಿ.

ಮೊದಲು ಹೆಸರುಗಳ ಹುಡುಕಾಟ ನಿಲ್ಲಲಿ. ಫಂಕ್ಷನ್ನಿನೊಳಗಿನ ಚರಗಳು ಯಾವುವೆಂದು ಕಂಪೈಲ್ ಮಾಡುವಾಗಲೇ ಗೊತ್ತಿರುತ್ತದೆ. ಹೆಸರು ಕೊಟ್ಟು ಮೌಲ್ಯ ಹುಡುಕುವ ಹ್ಯಾಶ್ ಟೇಬಲ್ ಬಿಟ್ಟು ಅವಕ್ಕೆ ಖಾನೆ ಸಂಖ್ಯೆ ಕೊಡಿ.

ಮುಂದಿನದು ಫ್ರೇಮ್, ಅಂದರೆ ಒಂದು ಕರೆಯ ಚರಗಳೂ ಇತರ ವಿವರಗಳೂ ಇರುವ ಜಾಗ. ನನ್ನ ಮೊದಲ ಆವೃತ್ತಿ ಪ್ರತಿ ಕರೆಗೂ ಹೊಸ ಮೆಮೊರಿ ಕೇಳುತ್ತಿತ್ತು. ಬಸವನಗುಡಿಯ ದರ್ಶಿನಿಯೊಂದು ದೋಸೆಗೊಂದು ತಟ್ಟೆ ತರಲು ಚಿಕ್ಕಪೇಟೆಗೆ ಆಳು ಓಡಿಸಿದ ಹಾಗೆ! ಆರಂಭದಲ್ಲೇ ಒಂದು ದೊಡ್ಡ ಅರೇ (ಇದೇ ನಮ್ಮ ಸ್ಟ್ಯಾಕ್) ಪಡೆದು, ಕರೆಗೆ ತುದಿಯನ್ನು ಮುಂದೆ ಸರಿಸಿ, ಮರಳುವಾಗ ಹಿಂದಕ್ಕೆ ತಂದರೆ ಸಾಕು. ಕರೆಯುವವನು ಸ್ಟ್ಯಾಕ್ ತುದಿಯಲ್ಲಿಟ್ಟ ಆರ್ಗ್ಯುಮೆಂಟುಗಳೇ ಹೊಸ ಫಂಕ್ಷನ್ನಿನ ಮೊದಲ ಖಾನೆಗಳಾಗಲಿ. ನಕಲು ಮಾಡುವ ಕೆಲಸವೇ ಇಲ್ಲ.

ಇಲ್ಲೊಂದು ಗುಂಡಿಯಿದೆ, ನಾನು ಬಿದ್ದು ಎರಡು ರಾತ್ರಿ ಕಳೆದೆ. ಅರೇ ತುಂಬಿ ದೊಡ್ಡದಾಗುವಾಗ ಅದು ಮೆಮೊರಿಯಲ್ಲಿ ಬೇರೆಡೆಗೆ ಹೋಗಬಹುದು. ಹಳೆಯ ಪಾಯಿಂಟರುಗಳು ಖಾಲಿ ಮಾಡಿದ ಮನೆಯ ವಿಳಾಸಗಳಾಗುತ್ತವೆ. ಫಿಬೊನಾಚಿಯಲ್ಲಿ ಇದು ತಿಳಿಯುವುದೇ ಇಲ್ಲ, ಏಕೆಂದರೆ ಅದರ ಆಳ 30 ದಾಟದು. ಒಂದರಿಂದ ಹತ್ತು ಸಾವಿರದವರೆಗೆ ಕೂಡುವ, ತನ್ನನ್ನೇ ಕರೆದುಕೊಳ್ಳುವ ಫಂಕ್ಷನ್ ಕೊಟ್ಟಾಗ ಎಲ್ಲವೂ ಕುಸಿಯಿತು. ಪಾಯಿಂಟರ್ ಬದಲು ಆರಂಭದಿಂದ ಎಷ್ಟನೆಯ ಖಾನೆ ಎಂಬುದನ್ನು ಇಟ್ಟುಕೊಳ್ಳಿ. ಕ್ಲೋಷರ್ (ಹೊರಗಿನ ಫಂಕ್ಷನ್ನಿನ ಚರಗಳನ್ನು ಬಳಸುವ ಒಳ ಫಂಕ್ಷನ್) ಹಿಡಿದುಕೊಂಡ ಚರಗಳನ್ನಂತೂ, ಫ್ರೇಮ್ ಮುಗಿಯುವ ಮುನ್ನ, ಕರೆ ಮುಗಿದರೂ ಉಳಿಯುವ ಮೆಮೊರಿಯಾದ ಹೀಪ್‌ಗೆ ಸಾಗಿಸಲೇಬೇಕು.

ಬಳಿಕ, ಕರೆ ಬಂದಾಗ ಇಂಟರ್‌ಪ್ರಿಟರ್‌ನ ಮುಖ್ಯ ಲೂಪ್ ತನ್ನನ್ನೇ ಮತ್ತೆ ಕರೆಯದಿರಲಿ. ಮರಳಬೇಕಾದ ಸೂಚನೆಯ ಜಾಗವನ್ನು ಫ್ರೇಮಿನಲ್ಲಿ ಬರೆದಿಟ್ಟು, ಅದೇ ಲೂಪಿನಲ್ಲಿ ಮುಂದುವರಿಯಿರಿ. 2022ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.11, ಪೈಥಾನ್ ಫಂಕ್ಷನ್ನುಗಳ ನಡುವಿನ ಸಾಮಾನ್ಯ ಕರೆಗಳಿಗೆ ಇದನ್ನೇ ಮಾಡಿತು.

ಕೊನೆಗೆ ಇನ್‌ಲೈನ್ ಕ್ಯಾಶ್. ಸ್ಮಾಲ್‌ಟಾಕ್ ಭಾಷೆಗಾಗಿ ಡಾಯ್ಚ್ ಮತ್ತು ಶಿಫ್‌ಮನ್ 1984ರಲ್ಲಿ ಪ್ರಕಟಿಸಿದ ಉಪಾಯವಿದು. ಗ್ಲೋಬಲ್ ಹೆಸರಿಗೆ ಸಿಕ್ಕ ಫಂಕ್ಷನ್ನನ್ನು ಕರೆಯ ಸೂಚನೆಯ ಪಕ್ಕದಲ್ಲೇ ನೆನಪಿಡಿ. ಗ್ಲೋಬಲ್ ಟೇಬಲ್ಲಿನ ಆವೃತ್ತಿ ಸಂಖ್ಯೆ ಬದಲಾಗಿದ್ದರೆ ಮಾತ್ರ ಮತ್ತೆ ಹುಡುಕಿ. ಆ ಹೋಲಿಕೆ ಮರೆತರೆ ಬಳಕೆದಾರರು ಫಂಕ್ಷನ್ನನ್ನು ತಿದ್ದಿ ಬರೆದರೂ ಹಳೆಯದೇ ಓಡುತ್ತಿರುತ್ತದೆ. ಕ್ಯಾಶ್‌ಗಿಂತ ಮೊದಲು ಅದರ ಪರೀಕ್ಷೆಯನ್ನು ಬರೆಯಿರಿ.